ಬಿಮೋಟಾ ವಿ ದುವೆ: ಮುಗಿಯುವ ಮೊದಲೇ ಮಾರಾಟಕ್ಕೆ ಬಂದ ಬೈಕು

1997ರಲ್ಲಿ ಇಟಲಿಯ ರಿಮಿನಿ ಊರಿನ ಬಿಮೋಟಾ ಕಂಪನಿ 'ವಿ ದುವೆ' ಅನ್ನೋ ಸ್ಪೋರ್ಟ್ ಬೈಕನ್ನು ಮಾರಾಟಕ್ಕೆ ಬಿಟ್ಟಿತು. 499 ಸಿಸಿ, ಎರಡು ಸಿಲಿಂಡರ್, ಟೂ-ಸ್ಟ್ರೋಕ್, ಅಂದರೆ ಪ್ರತಿ ಸುತ್ತಿಗೂ ಒಮ್ಮೆ ಪೆಟ್ರೋಲ್ ಉರಿಯುವ ಎಂಜಿನ್. ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇಲ್ಲ. ಪೆಟ್ರೋಲನ್ನು ಸೀದಾ ಸಿಲಿಂಡರಿನೊಳಗೇ ಚಿಮ್ಮಿಸುವ ಎಲೆಕ್ಟ್ರಾನಿಕ್ ಇಂಜೆಕ್ಷನ್. ಹೊಗೆ ಕಮ್ಮಿ, ಪೆಟ್ರೋಲ್ ಖರ್ಚು ಕಮ್ಮಿ, ತೂಕ ಕಮ್ಮಿ, ಶಕ್ತಿ ಮಾತ್ರ ರೇಸ್ ಬೈಕಿನದು ಎಂಬ ಭರವಸೆ. ಬೈಕು ಗ್ರಾಹಕರ ಕೈ ಸೇರಿದ ಸ್ವಲ್ಪ ದಿನಕ್ಕೇ ದೂರುಗಳು ಶುರುವಾದವು. ಕಂಪನಿ ಬೈಕುಗಳನ್ನು ವಾಪಸ್ ಕರೆಸಿಕೊಂಡಿತು. ಕೊನೆಗೆ ಆ ಇಂಜೆಕ್ಷನ್ನನ್ನೇ ಕಿತ್ತು ಹಾಕಿ ಕಾರ್ಬುರೇಟರ್ ಕೂರಿಸಿತು. ಅಷ್ಟರಲ್ಲಿ ದುಡ್ಡು ಖಾಲಿಯಾಗಿತ್ತು. 2000ದ ಹೊತ್ತಿಗೆ ಕಂಪನಿ ಮುಳುಗುವ ಸ್ಥಿತಿಗೆ ಬಂದು, ಬೇಗನೇ ದಿವಾಳಿಯೂ ಆಯಿತು.

ಈ ಕಥೆಯನ್ನು ಸಾಮಾನ್ಯವಾಗಿ "ಕೆಟ್ಟ ಎಂಜಿನ್ ಒಳ್ಳೆ ಕಂಪನಿಯನ್ನು ಮುಳುಗಿಸಿತು" ಅಂತ ಹೇಳಿ ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಎಂಜಿನ್ನಿನ ಲೋಹದ ಕೆಲಸ ಚೆನ್ನಾಗೇ ಇತ್ತು. ಚಾಸಿ, ಅಂದರೆ ಎಂಜಿನ್ನನ್ನು ಹೊರುವ ಚೌಕಟ್ಟು, ಅದ್ಭುತವಾಗಿತ್ತು. ಎಡವಿದ್ದು ಬೇರೆ ಕಡೆ. ಕೈಕೆಲಸದಲ್ಲಿ ಪಳಗಿದ ಒಂದು ಸಣ್ಣ ಕಾರ್ಖಾನೆ, ಕೈಕೆಲಸದಿಂದ ಆಗದ ಒಂದು ಕೆಲಸವನ್ನು ತಲೆ ಮೇಲೆ ಹೊತ್ತುಕೊಂಡಿತು. ಅದು ಮುಗಿಯುವ ಮೊದಲೇ ಬೈಕನ್ನು ಮಾರಿತು.

ಪೈಪು ಬಗ್ಗಿಸುತ್ತಿದ್ದವರ ಕಂಪನಿ

ಬಿಮೋಟಾ ಎಂಬ ಹೆಸರು ಬಿಯಾಂಕಿ, ಮೊರ್ರಿ, ತಂಬುರಿನಿ ಎಂಬ ಮೂವರ ಹೆಸರಿನ ಮೊದಲಕ್ಷರಗಳಿಂದ ಬಂದದ್ದು. 1966ರಲ್ಲಿ ಅವರು ಶುರು ಮಾಡಿದ್ದು ಕಟ್ಟಡಗಳಿಗೆ ಹೀಟಿಂಗ್, ಏರ್ ಕಂಡೀಷನಿಂಗ್ ಕೂರಿಸುವ ಕೆಲಸ. ಮಾಸ್ಸಿಮೋ ತಂಬುರಿನಿಗೆ ಬೈಕಿನ ಹುಚ್ಚು. 1972ರಲ್ಲಿ ಮಿಸಾನೋ ಟ್ರ್ಯಾಕಿನಲ್ಲಿ ಹೋಂಡಾ ಸಿಬಿ 750 ಓಡಿಸುತ್ತಾ ಬಿದ್ದು ಪಕ್ಕೆಲುಬು ಮುರಿದುಕೊಂಡರು. ಹೋಂಡಾದ ಎಂಜಿನ್ ಬಲವಾಗಿತ್ತು, ಫ್ರೇಮು ಮಾತ್ರ ಅದಕ್ಕೆ ತಕ್ಕಂತಿರಲಿಲ್ಲ. ಚೇತರಿಸಿಕೊಂಡ ಮೇಲೆ ಅದೇ ಎಂಜಿನ್ನಿಗೆ ತಾವೇ ಒಂದು ಫ್ರೇಮ್ ಬೆಸುಗೆ ಹಾಕಿದರು. ಅದೇ ಎಚ್‌ಬಿ 1. ಎಚ್ ಅಂದರೆ ಹೋಂಡಾ, ಬಿ ಅಂದರೆ ಬಿಮೋಟಾ. 1973ರಲ್ಲಿ ಬೈಕಿನ ಕಂಪನಿ ಶುರುವಾಯಿತು.

ಮುಂದೆ ಬಹುಪಾಲು ಮಾದರಿಗಳ ಹೆಸರಿಗೂ ಇದೇ ಲೆಕ್ಕ. ಎಸ್‌ಬಿ ಅಂದರೆ ಸುಜುಕಿ ಎಂಜಿನ್, ಕೆಬಿ ಅಂದರೆ ಕವಾಸಾಕಿ, ವೈಬಿ ಅಂದರೆ ಯಮಹಾ, ಡಿಬಿ ಅಂದರೆ ಡುಕಾಟಿ. ಎಂಜಿನ್ ಬೇರೆಯವರದು, ಅದರ ಸುತ್ತಲಿನದೆಲ್ಲ ಬಿಮೋಟಾದ್ದು. ಫ್ರೇಮ್ ಟ್ಯೂಬುಗಳು, ಅಲ್ಯೂಮಿನಿಯಂ ದಿಮ್ಮಿಯಿಂದ ಕಡೆದ ಬ್ರಾಕೆಟ್‌ಗಳು, ಸ್ವಿಂಗ್ ಆರ್ಮ್, ಫೇರಿಂಗ್ ಎಲ್ಲವನ್ನೂ ಕೆಲವೇ ಜನ ಕೂತು ಒಂದೊಂದೇ ಬೈಕಿಗೆ ಕೂರಿಸುತ್ತಿದ್ದರು. ಬಹುಪಾಲು ಮಾದರಿಗಳು ನೂರರ ಲೆಕ್ಕದಲ್ಲಿ ಮಾತ್ರ ತಯಾರಾದವು. 1994ರ ಎಸ್‌ಬಿ 6 ಸಾವಿರ ದಾಟಿದ್ದೇ ಅವರ ಮಟ್ಟಿಗೆ ದೊಡ್ಡ ಸುದ್ದಿ.

ಈ ಪದ್ಧತಿಯಲ್ಲಿ ಕಣ್ಣಿಗೆ ಬೀಳದ ಒಂದು ಅನುಕೂಲ ಇತ್ತು. ಪ್ರಕರಣ ಅರ್ಥವಾಗಬೇಕಾದರೆ ಇದನ್ನು ಗಮನಿಸಲೇಬೇಕು. ಹೋಂಡಾ, ಸುಜುಕಿ ಎಂಜಿನ್ ಕೊಂಡರೆ ಬರೀ ಲೋಹ ಬರುವುದಿಲ್ಲ. ಅದರ ಹಿಂದೆ ಟೆಸ್ಟ್ ಬೆಂಚಿನ ಮೇಲೆ ಓಡಿಸಿದ ಗಂಟೆಗಳು, ಚಳಿಯಲ್ಲಿ ಬಿಸಿಲಲ್ಲಿ ಓಡಿಸಿದ ಕಿಲೋಮೀಟರುಗಳು, ಒಡೆದು ಬಿಚ್ಚಿ ಮತ್ತೆ ಜೋಡಿಸಿದ ನೂರಾರು ಎಂಜಿನ್ನುಗಳ ಅನುಭವ ಎಲ್ಲವೂ ಬರುತ್ತದೆ. ಬಿಮೋಟಾ ಅದಕ್ಕೆ ಬೇರೆಯಾಗಿ ದುಡ್ಡು ಕೊಟ್ಟಿರಲಿಲ್ಲ. ಹಾಗಾಗಿ ಅದರ ನಿಜವಾದ ಬೆಲೆ ಎಷ್ಟು ಅಂತ ಅವರ ಲೆಕ್ಕದ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಸ್ವಂತ ಎಂಜಿನ್ ಯಾಕೆ ಬೇಕಾಯಿತು

ತಂಬುರಿನಿ 80ರ ದಶಕದಲ್ಲಿ ಬಿಟ್ಟು ಹೋದರು. ಮುಂದೆ ಡುಕಾಟಿ 916, ಎಂವಿ ಅಗುಸ್ತಾ ಎಫ್ 4 ವಿನ್ಯಾಸ ಮಾಡಿದ್ದು ಇವರೇ. ಅವರ ಜಾಗಕ್ಕೆ ಫೆಡೆರಿಕೋ ಮಾರ್ಟಿನಿ ಬಂದರು. 1985ರ ಡಿಬಿ 1 ಕಂಪನಿಯನ್ನು ಉಳಿಸಿತು. ಆಮೇಲೆ ಬಂದವರು ಪಿಯೆರ್‌ಲುಯಿಜಿ ಮಾರ್ಕೋನಿ. ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ಮಾಡಿದ ಕೆಲಸವನ್ನೇ ಬೆಳೆಸಿ, ಮುಂದಿನ ಚಕ್ರ ಹಿಡಿಯುವ ಫೋರ್ಕ್ (ಕವಲು) ಇಲ್ಲದೆ ಚಕ್ರದ ಹಬ್‌ನಿಂದಲೇ ತಿರುಗುವ 'ತೇಸಿ'ಯನ್ನು 1990ರಲ್ಲಿ ರಸ್ತೆಗೆ ತಂದ ಸಾಹಸಿ. ವಿ ದುವೆ ಕೂಡ ಇವರ ಕಾಲದ್ದೇ.

ಎಂಜಿನ್ ಬೇರೆಯವರದ್ದಾದ್ದರಿಂದ ಒಂದು ಕಷ್ಟ ಬೆಳೆಯುತ್ತಾ ಹೋಗಿತ್ತು. 70ರ ದಶಕದಲ್ಲಿ ಜಪಾನಿನ ಬೈಕುಗಳ ಫ್ರೇಮ್ ಬಳುಕುತ್ತಿತ್ತು. ಆದ್ದರಿಂದ ಬಿಮೋಟಾ ಫ್ರೇಮಿಗೆ ಬೆಲೆ ಇತ್ತು. 90ರ ದಶಕಕ್ಕೆ ಬಂದಾಗ ಹೋಂಡಾ ಫೈರ್‌ಬ್ಲೇಡ್‌ನಂಥ ಬೈಕುಗಳು ಶೋರೂಮಿನಿಂದಲೇ ಚೆನ್ನಾಗಿ ತಿರುಗುತ್ತಿದ್ದವು. ಇನ್ನು ಬಿಮೋಟಾವನ್ನು ಯಾಕೆ ಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರ ಬೇಕಿತ್ತು. ಯಾರಲ್ಲೂ ಇಲ್ಲದ ಎಂಜಿನ್ ತಮ್ಮಲ್ಲಿದ್ದರೆ ಉತ್ತರ ಸಿಕ್ಕಂತೆ. ಆಲೋಚನೆ ಸರಿಯಾಗೇ ಇತ್ತು ಅಂತಲೇ ನಾನು ಹೇಳುತ್ತೇನೆ.

ಟೂ-ಸ್ಟ್ರೋಕ್ ಆರಿಸಿಕೊಂಡದ್ದಕ್ಕೂ ಕಾರಣ ಇತ್ತು. ಆಗಿನ ಗ್ರಾಂಡ್ ಪ್ರಿ ರೇಸಿನ ಮೇಲಿನ ದರ್ಜೆ ಅಂದರೆ 500 ಸಿಸಿ ಟೂ-ಸ್ಟ್ರೋಕ್. ಈ ಎಂಜಿನ್ ಮೊದಲು ಹುಟ್ಟಿದ್ದೂ ಆ ರೇಸಿನ ಕನಸಿನಲ್ಲೇ. ರಸ್ತೆಯ ಮೇಲೆ ಓಡುವ 500 ಸಿಸಿ ಟೂ-ಸ್ಟ್ರೋಕ್‌ಗಳು, ಸುಜುಕಿ ಆರ್‌ಜಿ 500, ಯಮಹಾ ಆರ್‌ಡಿ 500 ಮುಂತಾದವು, 80ರ ದಶಕದಲ್ಲೇ ಮುಗಿದಿದ್ದವು. ಆಸೆಪಟ್ಟವರಿಗೆ ಹೊಸದು ಸಿಗುತ್ತಿರಲಿಲ್ಲ. ಟೂ-ಸ್ಟ್ರೋಕ್ ಎಂಜಿನ್ನಿಗೆ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಅದನ್ನು ತಿರುಗಿಸುವ ಚೈನೂ ಇಲ್ಲ. ಬಿಡಿಭಾಗ ಕಡಿಮೆ, ಸಣ್ಣ ಕಾರ್ಖಾನೆಯೂ ಎರಕ ಹೊಯ್ದು ಮಾಡಿಕೊಳ್ಳಬಹುದು. ಹೊಗೆಯೊಂದೇ ಅಡ್ಡಿ.

ನಮ್ಮ ಕಡೆಯವರಿಗೆ ಈ ಅಡ್ಡಿ ಚೆನ್ನಾಗಿ ಗೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಟೂ-ಸ್ಟ್ರೋಕ್ ಯೆಜ್ದಿ ಬೈಕಿನ ತಯಾರಿ ನಿಂತದ್ದು 1996ರಲ್ಲಿ. ಯಮಹಾ ಆರ್‌ಎಕ್ಸ್ 100 ನಿಂತದ್ದೂ ಅದೇ ಹೊತ್ತಿಗೆ. ಇಡೀ ಜಗತ್ತು ಟೂ-ಸ್ಟ್ರೋಕ್ ಅಂಗಡಿ ಬಾಗಿಲು ಹಾಕುತ್ತಿದ್ದಾಗ ರಿಮಿನಿಯವರು ಹೊಸ ಬಾಗಿಲು ತೆರೆಯಲು ಹೊರಟರು.

ಬೈಕಿನಲ್ಲಿ ಏನೇನಿತ್ತು

ಎಂಜಿನ್ 90 ಡಿಗ್ರಿ ವಿ-ಟ್ವಿನ್, ಅಂದರೆ ಎರಡು ಸಿಲಿಂಡರ್ 'ವಿ' ಆಕಾರದಲ್ಲಿ. ಬೋರ್ (ಸಿಲಿಂಡರಿನ ಅಗಲ) 72 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 61.25 ಮಿಮೀ. ಕಂಪನಿ ಹೇಳಿದ ಶಕ್ತಿ 9000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 9000 ಸುತ್ತು) 110 ಅಶ್ವಶಕ್ತಿ. ಆರ್‌ಎಕ್ಸ್ 100ರ 98 ಸಿಸಿ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು. ಅದೇ ಲೆಕ್ಕ ಹಿಡಿದರೆ 499 ಸಿಸಿಗೆ 56 ಬರಬೇಕು. ಇಲ್ಲಿ ಹೆಚ್ಚುಕಮ್ಮಿ ಅದರ ಎರಡರಷ್ಟು. ಆರು ಗೇರ್, ನೀರಿನ ಕೂಲಿಂಗ್, ಆಯಿಲ್‌ಗೆ ಬೇರೆ ಪಂಪು.

ಒಣ ತೂಕ 150 ಕೆಜಿ ಆಸುಪಾಸು. ಆಗಿನ ಡುಕಾಟಿ 916 ಸುಮಾರು 200 ಕೆಜಿ ಇತ್ತು ಅಂದರೆ ಅಂದಾಜಾಗುತ್ತದೆ ಅಲ್ವಾ? ಫ್ರೇಮಿಗೆ ಮೊಟ್ಟೆಯಾಕಾರದ ಅಡ್ಡಕೊಯ್ತದ ಅಲ್ಯೂಮಿನಿಯಂ ಟ್ಯೂಬುಗಳು. ದುಂಡು ಟ್ಯೂಬಿಗಿಂತ ಇವು ಒಂದು ದಿಕ್ಕಿನಲ್ಲಿ ಹೆಚ್ಚು ಬಿಗಿ. ಬ್ರೇಕ್ ಹಿಡಿದಾಗ ಬಗ್ಗಬಾರದ ದಿಕ್ಕಿಗೆ ಅಗಲ ಇಟ್ಟು ಬೆಸುಗೆ ಹಾಕಿದರೆ, ಲೋಹ ಜಾಸ್ತಿ ಮಾಡದೆಯೇ ಬಿಗಿ ಸಿಗುತ್ತದೆ. ಮುಂದೆ ಪಯೋಲಿ ಕಂಪನಿಯ ತಲೆಕೆಳಗು ಫೋರ್ಕ್, ಹಿಂದೆ ಓಲಿನ್ಸ್ ಶಾಕ್, ಬ್ರೇಕು ಬ್ರೆಂಬೋ. ಬೈಕಿನ ಮೇಲೆ ಸಿಟ್ಟಾದವರು ಕೂಡ ಚಾಸಿಯ ಬಗ್ಗೆ ಕೆಟ್ಟ ಮಾತಾಡಲಿಲ್ಲ. 250 ಸಿಸಿ ಬೈಕಿನಷ್ಟು ಚುರುಕು, ಬ್ರೇಕಿನ ಮೇಲೆ ಅಲುಗಾಡದ ಮುಂಭಾಗ. ಇದು ತಂಬುರಿನಿ ಕಾಲದಿಂದ ಕೈಗೆ ಬಂದ ವಿದ್ಯೆ.

9000 ಆರ್‌ಪಿಎಂನ ಒಂದು ಸುತ್ತು

ಈಗ ಪ್ರಕರಣದ ಹೊಟ್ಟೆಗೇ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಕಾರ್ಬುರೇಟರ್ ಇರುವ ಟೂ-ಸ್ಟ್ರೋಕಿನಲ್ಲಿ ಗಾಳಿ, ಪೆಟ್ರೋಲ್, ಆಯಿಲ್ ಮೂರೂ ಬೆರೆತು ಮೊದಲು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೇಸಿಗೆ ಹೋಗುತ್ತವೆ. ಅಲ್ಲಿಂದ ಟ್ರಾನ್ಸ್‌ಫರ್ ಪೋರ್ಟ್ (ಸಿಲಿಂಡರ್ ಗೋಡೆಯ ಕಂಡಿ) ಮೂಲಕ ಮೇಲೆ ಬಂದು ಸುಟ್ಟ ಹೊಗೆಯನ್ನು ಹೊರಗೆ ತಳ್ಳುತ್ತವೆ. ಆಗ ಹೊಗೆ ಹೊರಗೆ ಹೋಗುವ ಎಕ್ಸಾಸ್ಟ್ ಪೋರ್ಟ್ ತೆರೆದೇ ಇರುತ್ತದೆ. ಹೊಗೆಯ ಜೊತೆ ಒಂದಿಷ್ಟು ಸುಡದ ಪೆಟ್ರೋಲೂ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಟೂ-ಸ್ಟ್ರೋಕಿನ ಕೊಳಕಿಗೂ ಪೆಟ್ರೋಲ್ ಕುಡಿತಕ್ಕೂ ಮುಖ್ಯ ಕಾರಣ ಇದೇ.

ಪರಿಹಾರ ಹೇಳೋದು ಸುಲಭ. ಕೆಳಗಿನಿಂದ ಬರೀ ಗಾಳಿ ಕಳಿಸಿ, ಪೋರ್ಟ್ ಮುಚ್ಚುವ ಹೊತ್ತಿಗೆ ಪೆಟ್ರೋಲ್ ಚಿಮ್ಮಿಸಿ. ಹೊರಗೆ ಹೋದರೂ ಹೋಗುವುದು ಗಾಳಿ ತಾನೇ? ವಿ ದುವೆಯಲ್ಲಿ ಮಾಡಲು ಹೊರಟದ್ದು ಇದನ್ನೇ. ಒಂದೊಂದು ಸಿಲಿಂಡರಿಗೆ ಎರಡೆರಡು ಇಂಜೆಕ್ಟರ್ ಇತ್ತು.

ಈಗ ಸಮಯದ ಲೆಕ್ಕ ಹಾಕಿ. 9000 ಆರ್‌ಪಿಎಂ ಅಂದರೆ ಸೆಕೆಂಡಿಗೆ 150 ಸುತ್ತು. ಒಂದು ಸುತ್ತಿಗೆ 6.7 ಮಿಲಿಸೆಕೆಂಡ್. ಎಕ್ಸಾಸ್ಟ್ ಪೋರ್ಟ್ ಮುಚ್ಚಿದ ಮೇಲೆ ಪಿಸ್ಟನ್ ತುದಿ ಮುಟ್ಟಲು ಹೆಚ್ಚೂಕಡಿಮೆ ಕಾಲು ಸುತ್ತು, ಅಂದರೆ 1.7 ಮಿಲಿಸೆಕೆಂಡ್. ಅಷ್ಟರೊಳಗೆ ಪೆಟ್ರೋಲ್ ಹನಿಹನಿಯಾಗಿ ಒಡೆಯಬೇಕು, ಆವಿಯಾಗಬೇಕು, ಗಾಳಿಯಲ್ಲಿ ಬೆರೆಯಬೇಕು, ಪ್ಲಗ್ಗಿನ ಹತ್ತಿರ ಕಿಡಿ ಹತ್ತುವ ಹದಕ್ಕೆ ಬರಬೇಕು. ಫೋರ್-ಸ್ಟ್ರೋಕ್ ಎಂಜಿನ್ನಿನ ಇಂಜೆಕ್ಷನ್‌ಗೆ ಇದರ ಹಲವು ಪಟ್ಟು ಸಮಯ ಇರುತ್ತದೆ. ಪೆಟ್ರೋಲ್ ಹನಿ ದಪ್ಪವಿದ್ದರೆ ಸಿಲಿಂಡರ್ ಗೋಡೆಗೆ, ಪಿಸ್ಟನ್ ತಲೆಗೆ ಅಂಟುತ್ತದೆ. ಪ್ಲಗ್ ಒದ್ದೆಯಾಗುತ್ತದೆ. ಹೋಗಲಿ, ಬೇಗ ಚಿಮ್ಮಿಸೋಣ ಅಂದರೆ ಪೋರ್ಟ್ ತೆರೆದಿರುತ್ತದೆ, ಮತ್ತೆ ಹಳೆ ಕಥೆ.

ಆ ಕಾಲದಲ್ಲಿ ಈ ಸಮಸ್ಯೆಗೆ ಕೈ ಹಾಕಿದ ಬೇರೆಯವರು ಹನಿಯನ್ನು ಪುಡಿ ಮಾಡಲು ಬೇರೆ ಬೇರೆ ದಾರಿ ಹುಡುಕಿದ್ದರು. ಆಸ್ಟ್ರೇಲಿಯಾದ ಆರ್ಬಿಟಲ್ ಕಂಪನಿ ಪೆಟ್ರೋಲಿನ ಜೊತೆ ಒತ್ತಿದ ಗಾಳಿಯನ್ನೂ ಊದುತ್ತಿತ್ತು. ದೋಣಿಗಳ ಎವಿನ್‌ರೂಡ್ ಎಂಜಿನ್ನಿನ ಫಿಚ್ಟ್ ಇಂಜೆಕ್ಟರ್, ಸುತ್ತಿಗೆ ಹೊಡೆತದ ಹಾಗೆ ಒಮ್ಮೆಗೇ ಒತ್ತಡ ಏರಿಸಿ ಚಿಮ್ಮಿಸುತ್ತಿತ್ತು. ದೊಡ್ಡ ಬಂಡವಾಳ ಇದ್ದರೂ ಫಿಚ್ಟ್ ಎಂಜಿನ್ನುಗಳೂ ಮೊದಮೊದಲು ಗ್ರಾಹಕರ ಕೈಯಲ್ಲಿ ಕೆಟ್ಟವು. ಅವನ್ನು ಮಾಡುತ್ತಿದ್ದ ಅಮೆರಿಕದ ಒಎಂಸಿ 2000ದ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಬಿಮೋಟಾದವರು ದಡ್ಡರಾಗಿದ್ದರು ಅಂತ ಸುಮ್ನೆ ಹೇಳುವವರು ಇದನ್ನು ನೆನಪಿಡಬೇಕು. ಅವರಿಗಿಂತ ಎಷ್ಟೋ ಪಟ್ಟು ದೊಡ್ಡ ಕಂಪನಿಗೂ ಈ ಕೆಲಸ ಕಷ್ಟವೇ ಆಗಿತ್ತು.

ಎಂಜಿನ್ ಎಷ್ಟು ಗಾಳಿ ಕುಡಿಯಿತು?

ಹನಿಗಿಂತ ದೊಡ್ಡ ತಲೆನೋವು ಅಳತೆಯದು. ಎಷ್ಟು ಪೆಟ್ರೋಲ್ ಹಾಕಬೇಕು ಅಂತ ಕಂಪ್ಯೂಟರಿಗೆ ತಿಳಿಯಬೇಕಾದರೆ ಸಿಲಿಂಡರಿನಲ್ಲಿ ಎಷ್ಟು ಗಾಳಿ ಇದೆ ಅಂತ ತಿಳಿಯಬೇಕು. ಫೋರ್-ಸ್ಟ್ರೋಕಿನಲ್ಲಿ ಥ್ರಾಟಲ್ (ಆಕ್ಸಿಲರೇಟರ್) ಎಷ್ಟು ತೆರೆದಿದೆ, ಎಂಜಿನ್ ಎಷ್ಟು ವೇಗದಲ್ಲಿದೆ ಅನ್ನೋದರ ಮೇಲೆ ಒಂದು ಕೋಷ್ಟಕ ಮಾಡಿಟ್ಟರೆ ಬಹಳ ಮಟ್ಟಿಗೆ ಸಾಕು. ಬಿಮೋಟಾಗೆ ಈ ಅನುಭವ ಇತ್ತು. 80ರ ದಶಕದ ಕೊನೆಗೇ ವೈಬಿ 4ಕ್ಕೆ ಇಂಜೆಕ್ಷನ್ ಕೂರಿಸಿ ಯಶಸ್ವಿಯಾಗಿದ್ದರು. ಆ ಯಶಸ್ಸೇ ಅವರಿಗೆ ಅತಿಯಾದ ಧೈರ್ಯ ಕೊಟ್ಟಿತು ಅನ್ನಿಸುತ್ತದೆ.

ಟೂ-ಸ್ಟ್ರೋಕ್ ಹಾಗಲ್ಲ. ಸೈಲೆನ್ಸರಿನ ಉಬ್ಬಿದ ಹೊಟ್ಟೆಯಿಂದ ಒತ್ತಡದ ಅಲೆ ವಾಪಸ್ ಬಂದು, ಹೊರಗೆ ಹೊರಟ ಗಾಳಿಯನ್ನು ಮತ್ತೆ ಒಳಗೆ ತಳ್ಳುತ್ತದೆ. ಒಂದು ವೇಗದಲ್ಲಿ ಆ ಅಲೆ ಸರಿಯಾದ ಹೊತ್ತಿಗೆ ಬರುತ್ತದೆ, ಇನ್ನೊಂದರಲ್ಲಿ ಬರುವುದಿಲ್ಲ. ಆರ್‌ಡಿ 350 ಓಡಿಸಿದವರು "ಪವರ್ ಬ್ಯಾಂಡ್‌ಗೆ ಬಂತು" ಅಂತ ಹೇಳುವುದು ಈ ಅಲೆ ಹೊಂದಿಕೊಂಡ ಗಳಿಗೆಯನ್ನೇ. ಆ ಗೆರೆಯ ಈಚೆ ಆಚೆ ಸಿಲಿಂಡರಿನ ಗಾಳಿ ಒಮ್ಮೆಗೇ ಬದಲಾಗುತ್ತದೆ. ಸೈಲೆನ್ಸರ್ ಬಿಸಿಯಾದಂತೆ ಅಲೆಯ ವೇಗವೂ ಬದಲಾಗಿ, ಗೆರೆಯೇ ಜಾಗ ಬದಲಿಸುತ್ತದೆ.

ಇನ್ನು ಥ್ರಾಟಲ್ ಕಡಿಮೆ ತೆರೆದಾಗ ನೋಡಿ. ಹೊಸ ಗಾಳಿ ಸಾಕಷ್ಟು ಬರುವುದಿಲ್ಲ, ಹಳೆ ಹೊಗೆ ಒಳಗೇ ಉಳಿಯುತ್ತದೆ. ಒಂದು ಸುತ್ತಿನಲ್ಲಿ ಕಿಡಿ ಹತ್ತುವುದಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯದರಲ್ಲಿ ಒಮ್ಮೆಗೇ ಹತ್ತುತ್ತದೆ. ಹತ್ತದ ಸುತ್ತುಗಳಲ್ಲೂ ಇಂಜೆಕ್ಟರ್ ಪೆಟ್ರೋಲ್ ಹಾಕುತ್ತಲೇ ಇರುತ್ತದೆ. ಕಾರ್ಬುರೇಟರ್ ಇದ್ದಾಗಲೂ ಇದೆಲ್ಲ ಆಗುತ್ತದೆ, ಆದರೆ ಗಾಳಿ ಕಮ್ಮಿಯಾದರೆ ಹೀರುವ ಪೆಟ್ರೋಲೂ ತಾನಾಗೇ ಕಮ್ಮಿಯಾಗುತ್ತದೆ. ಕಂಪ್ಯೂಟರಿಗೆ ಯಾರಾದರೂ ಮೊದಲೇ ಹೇಳಿಕೊಟ್ಟಿರಬೇಕು.

ರಸ್ತೆಯ ಮೇಲೆ ಇದರ ಫಲ ಹೀಗಿತ್ತು. ತಿರುವಿಗೆ ಬರುವಾಗ ಥ್ರಾಟಲ್ ಮುಚ್ಚುತ್ತೀರಿ. ತಿರುವಿನ ನಡುವೆ ಬೈಕು ವಾಲಿರುವಾಗ ಮೆಲ್ಲಗೆ ತೆರೆಯುತ್ತೀರಿ. ಏನೂ ಆಗುವುದಿಲ್ಲ. ಇನ್ನೊಂದು ಚೂರು ತೆರೆಯುತ್ತೀರಿ. ಆಗ ಇದ್ದಬದ್ದ ಶಕ್ತಿಯೆಲ್ಲ ಒಟ್ಟಿಗೇ ಹಿಂದಿನ ಚಕ್ರಕ್ಕೆ ಬರುತ್ತದೆ. 150 ಕೆಜಿ ಬೈಕು, 110 ಅಶ್ವಶಕ್ತಿ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ, ಓಡಿಸುವವರ ಕೈ ಒಂದು ಹೇಳಿದರೆ ಎಂಜಿನ್ ಇನ್ನೊಂದು ಮಾಡುತ್ತಿತ್ತು. ಊರೊಳಗೆ ನಿಧಾನವಾಗಿ ಹೋದರೆ ಪ್ಲಗ್ ಕಟ್ಟಿಕೊಂಡು ನಿಲ್ಲುತ್ತಿತ್ತು.

ಆಯಿಲಿನದೂ ಇಂಥದ್ದೇ ಗೋಳು. ಕಾರ್ಬುರೇಟರ್ ಬೈಕಿನಲ್ಲಿ ಪೆಟ್ರೋಲು ಆಯಿಲನ್ನು ಮೂಲೆಮೂಲೆಗೂ ಒಯ್ಯುತ್ತದೆ, ಆವಿಯಾಗುತ್ತಾ ಪಿಸ್ಟನ್ನಿನ ಕೆಳಭಾಗವನ್ನು ತಂಪೂ ಮಾಡುತ್ತದೆ. ನೇರ ಇಂಜೆಕ್ಷನ್ ಬಂದರೆ ಈ ಎರಡು ಉಪಕಾರವೂ ಹೋಯಿತು. ಕ್ರ್ಯಾಂಕ್ ಕೇಸಿನಲ್ಲಿ ಗಾಳಿ ಮತ್ತು ಪಂಪಿನ ಆಯಿಲ್ ಅಷ್ಟೇ. ಆಯಿಲ್ ಜಾಸ್ತಿ ಬಿಟ್ಟರೆ ಹೊಗೆ, ಕಪ್ಪಾದ ಪ್ಲಗ್. ಕಮ್ಮಿ ಬಿಟ್ಟರೆ ಪಿಸ್ಟನ್ ಸೀಜ್, ಅಂದರೆ ಬಿಸಿಗೆ ಕಚ್ಚಿಕೊಂಡು ನಿಲ್ಲುವುದು. ಗ್ರಾಹಕರ ಬೈಕುಗಳಲ್ಲಿ ಎರಡೂ ಆದವು.

ಯಾವ ತೀರ್ಮಾನ ತಪ್ಪು?

ಇದನ್ನೆಲ್ಲ ಸರಿಪಡಿಸಲು ಸಾಧ್ಯವಿರಲಿಲ್ಲವೇ? ಖಂಡಿತ ಇತ್ತು. 2000ದಲ್ಲಿ ಎಪ್ರಿಲಿಯಾ ಆರ್ಬಿಟಲ್ ತಂತ್ರದ 50 ಸಿಸಿ ಡೈಟೆಕ್ ಸ್ಕೂಟರ್ ಬಿಟ್ಟಿತು. 2007ರಲ್ಲಿ ನಮ್ಮ ಬಜಾಜ್ ಕಂಪನಿ ನೇರ ಇಂಜೆಕ್ಷನ್ನಿನ ಟೂ-ಸ್ಟ್ರೋಕ್ ಆಟೋರಿಕ್ಷಾವನ್ನೇ ರಸ್ತೆಗಿಳಿಸಿತು. ಆದರೆ ಇವು ಸಣ್ಣ ಎಂಜಿನ್ನುಗಳು, ಸಾಧಾರಣ ವೇಗದವು, ಹಿಂದೆ ವರ್ಷಗಟ್ಟಲೆ ಪ್ರಯೋಗಾಲಯದ ಕೆಲಸ ಇತ್ತು. ಬಿಮೋಟಾ ಮೊದಲ ಏಟಿಗೇ ಅತಿ ಕಷ್ಟದ ರೂಪವನ್ನು ಹಿಡಿಯಿತು: ದೊಡ್ಡ ಸಿಲಿಂಡರ್, ಹೆಚ್ಚು ವೇಗ, ಚೂಪಾದ ಪವರ್ ಬ್ಯಾಂಡ್.

ಫ್ರೇಮಿನಲ್ಲಿ ತಪ್ಪಿದ್ದರೆ ಒಬ್ಬ ಒಳ್ಳೆ ಬೆಸುಗೆಗಾರ, ಒಬ್ಬ ಸೂಕ್ಷ್ಮ ರೈಡರ್ ಸೇರಿ ಒಂದು ವಾರದಲ್ಲಿ ಹಿಡಿದುಬಿಡುತ್ತಾರೆ. ಅರದಿಂದ ಉಜ್ಜಿ, ಬ್ರಾಕೆಟ್ ಸರಿಸಿ, ಮತ್ತೆ ಓಡಿಸಿ ನೋಡಬಹುದು. ಬಿಮೋಟಾದ ಹೆಸರು ನಿಂತದ್ದೇ ಈ ಜಾಣ್ಮೆಯ ಮೇಲೆ. ಇಂಜೆಕ್ಷನ್ನಿನ ಕೋಷ್ಟಕಕ್ಕೆ ಆ ಜಾಣ್ಮೆ ನಾಟುವುದಿಲ್ಲ. ಒಂದು ಬೈಕನ್ನು ಸರಿ ಮಾಡಿದರೆ ಸಾಲದು. ಒಂದೊಂದು ಇಂಜೆಕ್ಟರಿಗೂ ಸ್ವಲ್ಪ ಸ್ವಲ್ಪ ವ್ಯತ್ಯಾಸ, ಒಂದೊಂದು ದಿನವೂ ಬೇರೆ ಬಿಸಿಲು, ಸಮುದ್ರದ ಮಟ್ಟದಲ್ಲೊಂದು ಗಾಳಿ, ಬೆಟ್ಟದ ಮೇಲೊಂದು ಗಾಳಿ. ಹತ್ತಾರು ಬೈಕುಗಳನ್ನು ತಿಂಗಳುಗಟ್ಟಲೆ ಓಡಿಸಿ, ಅಳೆದು, ತಿದ್ದುತ್ತಲೇ ಇರಬೇಕು. ಅದಕ್ಕೆ ಬೇಕಾದ ಜನವೂ ದುಡ್ಡೂ ರಿಮಿನಿಯಲ್ಲಿರಲಿಲ್ಲ. ಆ ಕೆಲಸ ಕೊನೆಗೆ ಗ್ರಾಹಕರ ತಲೆಗೆ ಬಂತು. ದುಬಾರಿ ಬೆಲೆ ಕೊಟ್ಟವರು ತಮಗೆ ಗೊತ್ತಿಲ್ಲದೇ ಟೆಸ್ಟ್ ರೈಡರುಗಳಾದರು. ಈ ಪ್ರಕರಣದಲ್ಲಿ ನನಗೆ ಒಪ್ಪಿಕೊಳ್ಳಲಾಗದ ಭಾಗ ಇದೇ.

ಇನ್ನೊಂದು ದಾರಿ ತೆರೆದೇ ಇತ್ತು. ಅದೇ ಚಾಸಿ, ಅದೇ ಎಂಜಿನ್ನಿಗೆ ಕಾರ್ಬುರೇಟರ್ ಹಾಕಿ ಮೊದಲು ಮಾರಬಹುದಿತ್ತು. ಬೈಕುಗಳಿಗೆ ಯುರೋಪಿನ ಹೊಗೆ ಮಿತಿಯ ಯೂರೋ 1 ನಿಯಮ ಬಂದದ್ದು 1999ರಲ್ಲಿ. ಎಪ್ರಿಲಿಯಾ ತನ್ನ ಆರ್‌ಎಸ್ 250, ಅಂದರೆ ಕಾರ್ಬುರೇಟರ್ ಇರುವ ಟೂ-ಸ್ಟ್ರೋಕ್ ಬೈಕನ್ನು, ಅದೇ ವರ್ಷಗಳಲ್ಲಿ ಯುರೋಪಿನ ರಸ್ತೆಗಳಿಗೆ ಮಾರುತ್ತಲೇ ಇತ್ತು. ಆ ಮಾರಾಟದ ದುಡ್ಡಿನಲ್ಲಿ ಇಂಜೆಕ್ಷನ್ ಕೆಲಸವನ್ನು ನಿಧಾನವಾಗಿ ಮುಗಿಸಬಹುದಿತ್ತು. ಆದರೆ ಜಗತ್ತಿನ ಮೊದಲ ಶುದ್ಧ ಟೂ-ಸ್ಟ್ರೋಕ್ ಸೂಪರ್ ಬೈಕ್ ಅಂತ ಸಾರಿಯಾಗಿತ್ತು. ಆ ಮಾತು ಹಿಂದೆಗೆದುಕೊಳ್ಳುವುದು ಕಷ್ಟ. ಕೊನೆಗೆ ಕಾರ್ಬುರೇಟರ್ ಹಾಕಿದ ಇವೊಲುಜಿಯೋನೆ ಮಾದರಿ ಬಂದಾಗ ಬೈಕು ಬಹುಮಟ್ಟಿಗೆ ಸರಿಯಾಗಿಯೇ ಓಡಿತು. ಎಂಜಿನ್ನಿನ ಲೋಹದ ಕೆಲಸ ಚೆನ್ನಾಗಿತ್ತು ಅಂತ ನಾನು ಹೇಳಿದ್ದು ಈ ಆಧಾರದ ಮೇಲೆ. ಆದರೆ ಆ ಹೊತ್ತಿಗೆ ವಾಪಸಾತಿಯ ಖರ್ಚು ಕಂಪನಿಯ ಬೆನ್ನು ಮುರಿದಿತ್ತು.

ಆಮೇಲೆ ಏನಾಯಿತು

ನ್ಯಾಯವಾಗಿ ಹೇಳಬೇಕೆಂದರೆ ದಿವಾಳಿಗೆ ವಿ ದುವೆ ಒಂದೇ ಕಾರಣವಲ್ಲ. 2000ದಲ್ಲಿ ಬಿಮೋಟಾ ಸುಜುಕಿ ಎಂಜಿನ್ನಿನ ಎಸ್‌ಬಿ 8ಕೆ ಬೈಕಿನೊಂದಿಗೆ ವರ್ಲ್ಡ್ ಸೂಪರ್‌ಬೈಕ್ ರೇಸಿಗೂ ಇಳಿಯಿತು. ಆಸ್ಟ್ರೇಲಿಯಾದ ಫಿಲಿಪ್ ಐಲ್ಯಾಂಡಿನಲ್ಲಿ ಮಳೆಯಲ್ಲಿ ನಡೆದ ರೇಸನ್ನು ಆಂಟನಿ ಗೋಬರ್ಟ್ ಗೆದ್ದೂಬಿಟ್ಟರು. ಆದರೆ ನಂಬಿದ್ದ ಪ್ರಾಯೋಜಕರ ದುಡ್ಡು ಬರಲಿಲ್ಲ. ಮೊದಲೇ ಬರಿದಾಗಿದ್ದ ಖಜಾನೆಗೆ ಅದು ಕೊನೆಯ ಪೆಟ್ಟು.

ವಿ ದುವೆಯ ಹಕ್ಕನ್ನೂ ಉಳಿದ ಬಿಡಿಭಾಗಗಳನ್ನೂ ಪಿಯೆರೋ ಕರೋನಿ ಎಂಬ ಇಂಜಿನಿಯರ್ ಕೊಂಡರು. ಮುಂದಿನ ಕೆಲವು ವರ್ಷ ಕಾರ್ಬುರೇಟರ್ ಹಾಕಿದ, ಇನ್ನಷ್ಟು ತಿದ್ದಿದ ಬೈಕುಗಳನ್ನು ಕೊಂಚ ಕೊಂಚವಾಗಿ ಜೋಡಿಸಿ ಮಾರಿದರು. ಎಲ್ಲ ಬಗೆಯವನ್ನು ಸೇರಿಸಿದರೂ ವಿ ದುವೆಗಳ ಸಂಖ್ಯೆ ಮುನ್ನೂರು ಚಿಲ್ಲರೆ. ಬಿಮೋಟಾ ಸ್ವಂತ ಎಂಜಿನ್ ಹಾಕಿ ರಸ್ತೆಗೆ ಮಾರಿದ ಬೈಕು ಇದೊಂದೇ.

ಕಂಪನಿ 2003ರಲ್ಲಿ ಹೊಸ ಮಾಲೀಕರ ಕೈಯಲ್ಲಿ ಮತ್ತೆ ಎದ್ದಿತು, ಮತ್ತೆ ಡುಕಾಟಿ ಎಂಜಿನ್ನುಗಳಿಗೆ ಮರಳಿತು. 2019ರಲ್ಲಿ ಕವಾಸಾಕಿ 49.9 ಶೇಕಡಾ ಪಾಲು ಕೊಂಡಿತು. ಆ ವರ್ಷ ಮಿಲಾನಿನ ಪ್ರದರ್ಶನದಲ್ಲಿ ತೇಸಿ ಎಚ್ 2 ಬಂತು. ಎಂಜಿನ್ ಕವಾಸಾಕಿಯದು, ಸೂಪರ್‌ಚಾರ್ಜರ್ ಸಮೇತ. ಚಾಸಿಯ ಹಿಂದಿನ ತಲೆ ವಾಪಸ್ ಬಂದಿದ್ದ ಮಾರ್ಕೋನಿಯವರದೇ.

ಟೂ-ಸ್ಟ್ರೋಕ್ ಇಂಜೆಕ್ಷನ್ ಕೂಡ ಅಲ್ಲಿಗೇ ನಿಲ್ಲಲಿಲ್ಲ. 2017ರಲ್ಲಿ ಆಸ್ಟ್ರಿಯಾದ ಕೆಟಿಎಂ ತನ್ನ 250, 300 ಸಿಸಿ ಕಾಡುಮೇಡು ಬೈಕುಗಳಿಗೆ ಇಂಜೆಕ್ಷನ್ ತಂದಿತು. ಅಲ್ಲೂ ಸಿಲಿಂಡರಿಗೆ ಎರಡು ಇಂಜೆಕ್ಟರ್. ಆದರೆ ಪೆಟ್ರೋಲ್ ಚಿಮ್ಮುವುದು ಸಿಲಿಂಡರಿನೊಳಗಲ್ಲ, ಪಕ್ಕದ ಟ್ರಾನ್ಸ್‌ಫರ್ ಪೋರ್ಟಿನಲ್ಲಿ, ಮೇಲೇರಿ ಬರುವ ಗಾಳಿಗೆ ಎದುರಾಗಿ. ಅದರಿಂದ ಹನಿ ಒಡೆಯಲು ಸಮಯ ಸಿಕ್ಕಿತು. ಸ್ವಲ್ಪ ಪೆಟ್ರೋಲ್ ಹೊರಗೆ ಹೋದರೂ ಹೋಗಲಿ ಅಂತ ಕೆಟಿಎಂನವರು ಬಿಟ್ಟುಕೊಟ್ಟರು, ಬದಲಿಗೆ ಕೈ ಹೇಳಿದಂತೆ ಕೇಳುವ ಥ್ರಾಟಲ್ ಪಡೆದರು. ಬಿಮೋಟಾದಲ್ಲಿ ಯಾರಾದರೂ 1996ರಲ್ಲಿ ಈ ರಾಜಿಗೆ ಒಪ್ಪಿದ್ದರೂ, ಆಗಿನ ನಿಧಾನಗತಿಯ ಕಂಪ್ಯೂಟರುಗಳಲ್ಲಿ ಅದು ಎಷ್ಟು ಚೆನ್ನಾಗಿ ಓಡುತ್ತಿತ್ತೋ ಹೇಳಲು ಬಾರದು. ಇನ್ನೂ ಎರಡು ವರ್ಷ ಟೆಸ್ಟ್ ಬೆಂಚಿನ ಮೇಲೆ ಇಟ್ಟುಕೊಂಡಿದ್ದರೆ ಉತ್ತರ ಅವರಿಗೇ ಸಿಗುತ್ತಿತ್ತು.